ಒಳ್ಳೆಯ ಗುರಿಗಾರ ಯಾರು?

ಮಳವಳ್ಳಿಯ ಸಿಡಿಹಬ್ಬವೆಂದರೆ ಸುತ್ತಲಿನ ಹಳ್ಳಿಗಳ ಜನಕ್ಕೆಲ್ಲ ದೊಡ್ಡ ಸಡಗರ. ದಂಡಿನ ಮಾರಮ್ಮ, ಪಟ್ಟಲದಮ್ಮ ದೇವತೆಗಳ ಹೆಸರಿನಲ್ಲಿ ನಡೆಯುವ ಈ ಹಬ್ಬದ ದಿನಗಳಲ್ಲಿ ಪಟ್ಟಣದ ಬೀದಿಗಳು ನೆಂಟರಿಷ್ಟರಿಂದ ತುಂಬಿಹೋಗುತ್ತವೆ. ಕಡ್ಲೆಪುರಿ, ಬೆಂಡುಬತ್ತಾಸು, ಬಳೆ, ಆಟಿಕೆಗಳ ಅಂಗಡಿಗಳು ಸಾಲುಗಟ್ಟುತ್ತವೆ. ಆ ಸಾಲಿನಲ್ಲಿ ಹುಡುಗರ ಗುಂಪು ಎಲ್ಲಿ ಹೆಚ್ಚಾಗಿ ಸೇರಿದೆಯೋ ಅಲ್ಲಿ ಪುಗ್ಗೆಗಳಿಗೆ ಗುಂಡು ಹೊಡೆಯುವ ಅಂಗಡಿಯಿದೆಯೆಂದು ದೂರದಿಂದಲೇ ಊಹಿಸಬಹುದು. ರಟ್ಟು ಹೊದಿಸಿದ ಒಂದು ಹಲಗೆ, ಅದರ ಮೇಲೆ ಸಾಲುಸಾಲಾಗಿ ಕಟ್ಟಿದ ಬಣ್ಣಬಣ್ಣದ ಪುಗ್ಗೆಗಳು, ಹತ್ತು ಹನ್ನೆರಡು ಅಡಿಗಳ ಈಚೆಗೆ ಒಂದು ಮೇಜು, ಮೇಜಿನ ಮೇಲೆ ಸವೆದುಹೋದ ಒಂದು ಗಾಳಿಕೋವಿ. ಆ ಅಂಗಡಿಯ ಬಂಡವಾಳ ಇಷ್ಟೇ. ಹತ್ತು ಗುಂಡುಗಳಿಗೆ ಇಂತಿಷ್ಟು ಹಣವೆಂದು ಕೊಟ್ಟು, ಯಾರು ಬೇಕಾದರೂ ತಮ್ಮ ಗುರಿಯನ್ನು ಪರೀಕ್ಷಿಸಿಕೊಳ್ಳಬಹುದು.

ಒಂದು ವರ್ಷದ ಹಬ್ಬದಲ್ಲಿ ಅಂಥ ಅಂಗಡಿಯ ಪಕ್ಕದಲ್ಲಿ ನಿಂತು ನಾನು ಕಂಡ ಒಂದು ಸಣ್ಣ ಸಂಗತಿ ಈ ಲೇಖನಕ್ಕೆ ಕಾರಣ. ಹೈಸ್ಕೂಲಿನಲ್ಲಿ ಓದುವ ವಯಸ್ಸಿನ ಇಬ್ಬರು ಹುಡುಗರು ಒಬ್ಬರಾದ ಮೇಲೊಬ್ಬರಂತೆ ಕೋವಿಯನ್ನು ಕೈಗೆತ್ತಿಕೊಂಡರು. ಮೊದಲನೆಯವನು ಚುರುಕಿನವನು. ಕೋವಿಯನ್ನು ಎತ್ತಿದೊಡನೆ ಹೊಡೆದುಬಿಡುತ್ತಿದ್ದ. ಅವನು ಗುರಿಯಿಟ್ಟದ್ದು ಕೆಂಪು ಪುಗ್ಗೆಗಾದರೆ, ಒಡೆದದ್ದು ಅದರ ಮೇಲಿನ ಸಾಲಿನ ಹಳದಿ ಪುಗ್ಗೆ. ಹತ್ತು ಗುಂಡುಗಳಲ್ಲಿ ಮೂರು ಪುಗ್ಗೆಗಳು ಒಡೆದವು. ಒಂದೊಂದು ಒಡೆದಾಗಲೂ ಸುತ್ತ ನೆರೆದವರು ಚಪ್ಪಾಳೆ ತಟ್ಟಿದರು.

ಎರಡನೆಯ ಹುಡುಗ ನಿಧಾನದವನು. ಪ್ರತಿಸಲವೂ ಕಾಲುಗಳನ್ನು ಒಂದೇ ರೀತಿಯಲ್ಲಿ ಊರಿ, ಕೆನ್ನೆಯನ್ನು ಕೋವಿಯ ಹಿಡಿಗೆ ತಾಗಿಸಿ, ಒಂದೇ ಕೆಂಪು ಪುಗ್ಗೆಯನ್ನು ಮತ್ತೆ ಮತ್ತೆ ಗುರಿಯಿಟ್ಟು ಹತ್ತು ಗುಂಡುಗಳನ್ನೂ ಹೊಡೆದ. ಒಂದು ಪುಗ್ಗೆಯೂ ಒಡೆಯಲಿಲ್ಲ. ಅಂಗಡಿಯವನು ನಕ್ಕ. ಹಿಂದೆ ನಿಂತಿದ್ದ ಹಿರಿಯರೊಬ್ಬರು, "ಒಂದ್ ಪುಗ್ಗೆನೂ ಒಡೀನಿಲ್ವಲ್ಲೋ ಮಗ! ನಿನ್ ಕಣ್ಣು ಸರ್ಯಾಗ್ ಕಾಣ್ತದೇನ್ಲಾ?" ಎಂದು ಕೇಳಿದರು. ಅವರದು ತಮಾಷೆಯ ಮಾತು. ಆದರೆ ಹುಡುಗನ ಮುಖ ಸಣ್ಣದಾಯಿತು. ಕೋವಿಯನ್ನು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಜನಸಂದಣಿಯಲ್ಲಿ ಸೇರಿಹೋದ.

ಹಲಗೆಗೆ ಹತ್ತಿರವಾಗಿ ನಿಂತಿದ್ದ ನಾನು ಆಮೇಲೆ ರಟ್ಟಿನ ಕಡೆ ನೋಡಿದೆ. ಕೆಂಪು ಪುಗ್ಗೆಯ ಬಲಗಡೆಗೆ, ನಾಲ್ಕು ಬೆರಳುಗಳಷ್ಟು ದೂರದಲ್ಲಿ, ಒಂದು ರೂಪಾಯಿ ನಾಣ್ಯದಿಂದ ಮುಚ್ಚಬಹುದಾದಷ್ಟು ಜಾಗದಲ್ಲಿ ಹೊಸ ತೂತುಗಳು ಒಂದರ ಮೇಲೊಂದು ಬಿದ್ದಿದ್ದವು. ಆ ಹುಡುಗನ ಹತ್ತು ಗುಂಡುಗಳೂ ಅಲ್ಲಿ ಸೇರಿದ್ದವು. ಕೋವಿಯನ್ನು ನಾಲ್ಕು ಬೆರಳು ಎಡಕ್ಕೆ ಹಿಡಿದಿದ್ದರೆ ಅವನ ಮೊದಲ ಗುಂಡಿಗೇ ಆ ಪುಗ್ಗೆ ಒಡೆಯುತ್ತಿತ್ತು. ಮುಂದಿನ ಒಂಬತ್ತಕ್ಕೆ ಒಂಬತ್ತು ಪುಗ್ಗೆಗಳು ಒಡೆಯಬಹುದಾಗಿತ್ತು. ಅಂದು ಅಲ್ಲಿ ಕೋವಿ ಹಿಡಿದವರಲ್ಲಿ ನಿಜವಾದ ಗುರಿಗಾರ ಅವನೊಬ್ಬನೇ. ಅದನ್ನು ಅವನಿಗೆ ಯಾರೂ ಹೇಳಲಿಲ್ಲ. ನನಗೆ ಅದು ಅರ್ಥವಾಗುವಷ್ಟರಲ್ಲಿ ಅವನು ಕಣ್ಮರೆಯಾಗಿದ್ದ.

ಗುರಿ ಎಂಬ ಮಾತಿನಲ್ಲಿ ನಾವು ಎರಡು ಬೇರೆ ಬೇರೆ ಗುಣಗಳನ್ನು ಕಲಸಿಬಿಟ್ಟಿದ್ದೇವೆ. ಹೊಡೆದ ಗುಂಡುಗಳೆಲ್ಲ ಒಂದೇ ಕಡೆಗೆ ಬೀಳುವುದು ಒಂದು ಗುಣ. ಹಾಗೆ ಬಿದ್ದ ಗುಂಡುಗಳು ನಾವು ಬಯಸಿದ ಕಡೆಗೆ ಬೀಳುವುದು ಇನ್ನೊಂದು ಗುಣ. ಮೊದಲನೆಯದನ್ನು ಗುಂಪು ಎನ್ನೋಣ. ಎರಡನೆಯದನ್ನು ನೇರ ಎನ್ನೋಣ. ಗುಂಪು ಇದ್ದು ನೇರ ಇಲ್ಲದವನ ತಪ್ಪಿಗೆ ಒಂದೇ ಕಾರಣವಿರುತ್ತದೆ. ಅದನ್ನು ಕಂಡುಹಿಡಿದು ತಿದ್ದಿದರೆ ಎಲ್ಲ ಗುಂಡುಗಳೂ ಒಟ್ಟಿಗೆ ಗುರಿಗೆ ಬಂದು ಸೇರುತ್ತವೆ. ಗುಂಪೇ ಇಲ್ಲದವನ ತಪ್ಪಿಗೆ ಹತ್ತು ಗುಂಡಿಗೆ ಹತ್ತು ಕಾರಣಗಳು. ಅವನ ಒಂದು ಗುಂಡು ನಟ್ಟನಡುವೆ ಬಿದ್ದರೂ ಅದು ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದಂತೆಯೇ ಸರಿ. ಆದುದರಿಂದ ಗುರಿಯನ್ನು ಉತ್ತಮಪಡಿಸಿಕೊಳ್ಳಬೇಕೆನ್ನುವವನು ಮೊದಲು ಗುಂಪನ್ನು ಸಾಧಿಸಬೇಕು, ನೇರವನ್ನು ಆಮೇಲೆ ನೋಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಇದು ನನ್ನೊಬ್ಬನ ಮಾತೂ ಅಲ್ಲ. ಸೈನ್ಯದಲ್ಲಿಯೂ ಎನ್.ಸಿ.ಸಿ.ಯಲ್ಲಿಯೂ ಗುಂಡು ಹೊಡೆಯಲು ಕಲಿಸುವವರು ಮೊದಲು ಅಳೆಯುವುದು ಗುಂಡುಗಳ ಗುಂಪು ಎಷ್ಟು ಚಿಕ್ಕದು ಎಂಬುದನ್ನೇ. ಆದರೆ ಜಾತ್ರೆಯ ಚಪ್ಪಾಳೆಗೆ ಈ ಲೆಕ್ಕ ತಿಳಿಯದು.

'ಕುಣಿಯಲಾರದವಳು ನೆಲ ಡೊಂಕು ಎಂದಳಂತೆ' ಎಂಬ ಗಾದೆ ನಮ್ಮಲ್ಲಿ ಬಹಳ ಪ್ರಸಿದ್ಧವಾದುದು. ಸೋತವನು ಸಲಕರಣೆಯನ್ನು ದೂರಬಾರದೆಂಬುದು ಅದರ ಆಶಯ. ಆದರೆ ನೆಲ ನಿಜವಾಗಿಯೂ ಡೊಂಕಾಗಿರುವುದೂ ಉಂಟಲ್ಲವೇ? ಜಾತ್ರೆಯ ಕೋವಿ ವರ್ಷಗಟ್ಟಲೆ ನೂರಾರು ಕೈಗಳಲ್ಲಿ ಓಡಾಡಿ, ನೆಲಕ್ಕೆ ಬಿದ್ದು, ಗುರಿ ನೋಡುವ ಮೊನೆ ಬಾಗಿಹೋಗಿರುವುದು ಅಪರೂಪವಲ್ಲ. ತಪ್ಪು ಕೋವಿಯದೋ ತನ್ನದೋ ಎಂದು ತಿಳಿಯುವ ದಾರಿ ಯಾವುದು? ಗುಂಪೇ ಆ ದಾರಿ. ಬಿಳಿಯ ಕಾಗದದ ನಡುವೆ ಒಂದು ಕಪ್ಪು ಚುಕ್ಕೆಯನ್ನಿಟ್ಟು, ಕೋವಿ ಹಿಡಿದ ಕೈಯನ್ನು ಮರಳಿನ ಚೀಲದ ಮೇಲೆ ಊರಿ, ಅದೇ ಚುಕ್ಕೆಗೆ ಐದು ಗುಂಡುಗಳನ್ನು ಹೊಡೆಯಬೇಕು. ಗುಂಡುಗಳು ಒಂದೆಡೆ ಸೇರಿ ಚುಕ್ಕೆಯಿಂದ ದೂರ ಬಿದ್ದಿದ್ದರೆ, ತಿದ್ದಬೇಕಾದುದು ಹೆಚ್ಚಾಗಿ ಗುರಿ ನೋಡುವ ಸಾಧನವನ್ನು. ಹಿಂದಿನ ಸೀಳನ್ನು, ಗುಂಡುಗಳು ಯಾವ ಕಡೆಗೆ ಸರಿಯಬೇಕೋ ಆ ಕಡೆಗೇ ಸರಿಸಬೇಕು. ಬಲಕ್ಕೆ ಬೀಳುತ್ತಿದ್ದರೆ ಸೀಳನ್ನು ಎಡಕ್ಕೆ, ಕೆಳಗೆ ಬೀಳುತ್ತಿದ್ದರೆ ಮೇಲಕ್ಕೆ. ಗುಂಡುಗಳು ಕಾಗದದ ತುಂಬ ಚೆದುರಿದ್ದರೆ ಮಾತ್ರ ಸಾಧನವನ್ನು ಮುಟ್ಟಬಾರದು. ಹೊಡೆಯುವ ಬಗೆಯಲ್ಲಿ ಸ್ಥಿರತೆ ಬಂದಿಲ್ಲವೆಂದು ಅರ್ಥಮಾಡಿಕೊಳ್ಳಬೇಕು. ಒಂದೇ ಗುಂಡನ್ನು ನೋಡಿ ಸಾಧನವನ್ನು ತಿರುಗಿಸುವವನು ದಿನವಿಡೀ ತಿರುಗಿಸುತ್ತಲೇ ಇರಬೇಕಾಗುತ್ತದೆ.

ಇದಕ್ಕೆ ಜಗತ್ತೇ ಕಂಡ ಒಂದು ನಿದರ್ಶನವಿದೆ. 2008ರ ಆಗಸ್ಟ್ 11ರಂದು ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ 10 ಮೀಟರ್ ಗಾಳಿಕೋವಿ ಸ್ಪರ್ಧೆಯ ಚಿನ್ನದ ಪದಕವನ್ನು ಗೆದ್ದರು. ಭಾರತೀಯರೊಬ್ಬರು ವೈಯಕ್ತಿಕ ಸ್ಪರ್ಧೆಯಲ್ಲಿ ಗೆದ್ದ ಮೊದಲ ಒಲಿಂಪಿಕ್ ಚಿನ್ನ ಅದು. ಅಂದಿನ ಅಂತಿಮ ಸುತ್ತಿಗೆ ಮುನ್ನ ಅವರು ಪರೀಕ್ಷೆಗೆಂದು ಹೊಡೆದ ಗುಂಡು ಹತ್ತರ ಬದಲು ನಾಲ್ಕರ ವೃತ್ತಕ್ಕೆ ಬಿದ್ದಿತು. ಅಷ್ಟು ವರ್ಷಗಳ ಸಾಧನೆಯ ಮೇಲೆ ನಿಂತ ಅವರ ಗುಂಡು ಅಷ್ಟು ದೂರ ಬೀಳುವಂತಿರಲಿಲ್ಲ. ತಪ್ಪು ತನ್ನ ಕೈಯದಲ್ಲ, ಗುರಿಯ ಸಾಧನ ಜರುಗಿದೆ ಎಂದು ಅವರು ತಿಳಿದುಕೊಂಡರು. ಇದ್ದ ಕೆಲವೇ ನಿಮಿಷಗಳಲ್ಲಿ ಅದನ್ನು ಸರಿಪಡಿಸಿಕೊಂಡರು. ಕೊನೆಯ ಗುಂಡಿನ ವೇಳೆಗೆ ಅವರೂ ಫಿನ್‌ಲೆಂಡಿನ ಹೆನ್ರಿ ಹಾಕಿನೆನ್ ಅವರೂ ಅಂಕಗಳಲ್ಲಿ ಸರಿಸಮಾನರಾಗಿದ್ದರು. ಹಾಕಿನೆನ್‌ಗೆ ದೊರೆತದ್ದು 9.7, ಬಿಂದ್ರಾ ಅವರಿಗೆ 10.8. ಸ್ಥಿರವಾದ ಗುಂಪನ್ನು ಸಾಧಿಸಿದವನಿಗೆ ಮಾತ್ರ ನೆಲ ಡೊಂಕೆಂದು ಹೇಳುವ ಅಧಿಕಾರವಿದೆ. ಏಕೆಂದರೆ ಅವನು ಅದನ್ನು ಹೇಳಿ ಸುಮ್ಮನಾಗುವುದಿಲ್ಲ, ತಿದ್ದಿಕೊಳ್ಳುತ್ತಾನೆ.

ಗುಂಪಿನ ಬೆಲೆಯೇನೆಂಬುದನ್ನು ಮಳವಳ್ಳಿಯ ಇತಿಹಾಸವೂ ನಮಗೆ ಹೇಳಬಲ್ಲದು. 1799ರ ಮಾರ್ಚ್ 27ರಂದು ಇದೇ ಮಳವಳ್ಳಿಯ ಬಳಿ ಟೀಪು ಸುಲ್ತಾನನ ಸೈನ್ಯಕ್ಕೂ ಜನರಲ್ ಹ್ಯಾರಿಸ್‌ನ ನಾಯಕತ್ವದ ಇಂಗ್ಲಿಷ್ ಸೈನ್ಯಕ್ಕೂ ಕಾಳಗ ನಡೆಯಿತು. ಆ ಕಾಲದ ಕಾಲಾಳುಗಳ ಕೈಯಲ್ಲಿದ್ದುದು ಹೆಚ್ಚಾಗಿ ಒಳಗೆ ನುಣುಪಾದ ನಳಿಗೆಯ ಬಂದೂಕುಗಳು. ಬೇಗ ತುಂಬಲು ಅನುಕೂಲವಾಗಲೆಂದು ನಳಿಗೆಯ ಒಳವ್ಯಾಸಕ್ಕಿಂತ ಚಿಕ್ಕದಾದ ಗುಂಡನ್ನು ಅವುಗಳಲ್ಲಿ ಬಳಸುತ್ತಿದ್ದರು. ಗುಂಡು ನಳಿಗೆಯೊಳಗೆ ಅತ್ತಿತ್ತ ತಾಗುತ್ತ ಹೋಗಿ ಯಾವ ಕಡೆಗಾದರೂ ಹಾರಬಹುದಾಗಿತ್ತು. ಎಷ್ಟೇ ನಿಪುಣನಾದ ಸೈನಿಕನಿಗೂ ಅದರಿಂದ ಗುಂಪು ಸಾಧ್ಯವಿರಲಿಲ್ಲ. ಆದುದರಿಂದಲೇ ನೂರಾರು ಮಂದಿ ಸಾಲಾಗಿ ನಿಂತು ಒಮ್ಮೆಗೇ ಹೊಡೆಯುವ ಪದ್ಧತಿಯಿತ್ತು. ಅಷ್ಟು ಗುಂಡುಗಳಲ್ಲಿ ಕೆಲವಾದರೂ ತಾಗಲಿ ಎಂಬುದೇ ಅದರ ಲೆಕ್ಕಾಚಾರ. ನಳಿಗೆಯ ಒಳಮೈಯಲ್ಲಿ ಸುರುಳಿಯಾಕಾರದ ಗೆರೆಗಳನ್ನು ಕೊರೆದು ಗುಂಡು ಬುಗುರಿಯಂತೆ ತಿರುಗುತ್ತ ಹೊರಡುವಂತೆ ಮಾಡಿದ ಬಂದೂಕುಗಳು ಎಲ್ಲ ಸೈನಿಕರ ಕೈಗೂ ಬಂದದ್ದು ಮುಂದಿನ ಶತಮಾನದಲ್ಲಿ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ ತಿರುಗುವ ಗುಂಡು ತನ್ನ ದಾರಿಯನ್ನು ಬಿಡುವುದಿಲ್ಲ. ರೈಫಲ್ ಎಂಬ ಹೆಸರು ಬಂದುದು ಆ ಗೆರೆಗಳಿಂದಲೇ. ಇಂದು ಸ್ಪರ್ಧೆಗಳಲ್ಲಿ ಬಳಸುವ 4.5 ಮಿಲಿಮೀಟರ್ ಗಾತ್ರದ ಗಾಳಿಕೋವಿಯ ನಳಿಗೆಯಲ್ಲಿಯೂ ಆ ಗೆರೆಗಳಿವೆ. ಅಂದಿನ ವೀರರಿಗೆ ಸಲಕರಣೆ ಒದಗಿಸದಿದ್ದ ಸ್ಥಿರತೆ ಇಂದು ಒಬ್ಬ ವಿದ್ಯಾರ್ಥಿಗೂ ದೊರೆಯುತ್ತದೆ. ಉಳಿದದ್ದನ್ನು ಅವನು ತನ್ನ ಮೈಮನಸ್ಸುಗಳಿಂದ ಒದಗಿಸಿಕೊಳ್ಳಬೇಕು.

ಆ ಸ್ಥಿರತೆ ಬರುವುದು ತೋಳಿನ ಬಲದಿಂದಲ್ಲ. ತಲೆಯ ಮೇಲೆ ತುಂಬಿದ ಕೊಡವನ್ನು ಹೊತ್ತು ಬರುವ ಹೆಂಗಸರನ್ನು ನೋಡಿ. ಆ ಭಾರವನ್ನು ಹೊರುವುದು ಅವರ ನೆಟ್ಟಗಿನ ಬೆನ್ನುಮೂಳೆ. ಕೈಯಲ್ಲಿ ಎತ್ತಿ ಹಿಡಿದರೆ ಅದೇ ಕೊಡ ನಾಲ್ಕು ಹೆಜ್ಜೆಗೆ ನಡುಗತೊಡಗುತ್ತದೆ. ಕೋವಿಯ ವಿಷಯದಲ್ಲಿಯೂ ಹೀಗೆಯೇ. ಮಾಂಸಖಂಡ ದಣಿಯುತ್ತದೆ, ನಡುಗುತ್ತದೆ, ಮೂಳೆ ದಣಿಯುವುದಿಲ್ಲ. ಬಲಗೈಯವನು ಗುರಿಗೆ ತನ್ನ ಎಡಮಗ್ಗುಲನ್ನು ಕೊಟ್ಟು, ಭುಜದಗಲಕ್ಕೆ ಕಾಲುಗಳನ್ನೂರಿ, ಎಡಮೊಣಕೈಯನ್ನು ಪಕ್ಕೆಗೋ ಸೊಂಟದ ಮೂಳೆಗೋ ಆನಿಸಿ ಕೋವಿಯ ಭಾರವನ್ನು ನೆಲಕ್ಕೆ ಇಳಿಸಬೇಕು. ಹಾಗೆ ನಿಂತು, ಗುಂಡು ತುಂಬದ ಕೋವಿಯನ್ನು ಗುರಿಗೆ ಹಿಡಿದು, ಕಣ್ಣು ಮುಚ್ಚಿ ಎರಡು ಮೂರು ಸಲ ಉಸಿರಾಡಿ, ಮತ್ತೆ ಕಣ್ಣು ತೆರೆದು ನೋಡಬೇಕು. ಕೋವಿ ಗುರಿಯಿಂದ ಬಲಕ್ಕೋ ಎಡಕ್ಕೋ ತಿರುಗಿದ್ದರೆ, ನಮ್ಮ ಮೈ ಸಹಜವಾಗಿ ಆ ಕಡೆಗೆ ಒಲಿಯುತ್ತಿದೆಯೆಂದು ತಿಳಿಯಬೇಕು. ಆಗ ತೋಳಿನಿಂದ ಕೋವಿಯನ್ನು ಎಳೆದು ತರಬಾರದು. ಪಾದಗಳನ್ನು ಸ್ವಲ್ಪ ಸರಿಸಿ ಇಡೀ ಮೈಯನ್ನೇ ಗುರಿಗೆ ತಿರುಗಿಸಿಕೊಳ್ಳಬೇಕು. ಎಳೆದು ತಂದ ತೋಳು ಗುಂಡು ಹೊರಡುವ ಗಳಿಗೆಯಲ್ಲಿ ತನ್ನ ಹಳೆಯ ಜಾಗಕ್ಕೆ ಮರಳಲು ಹವಣಿಸುತ್ತದೆ.

ಕೋವಿಯನ್ನು ಬಿಗಿಯಾಗಿ ಅಪ್ಪಿ ಹಿಡಿದಷ್ಟೂ ಅದು ಅಲುಗುವುದಿಲ್ಲವೆಂದು ಹೊಸಬರು ನಂಬುತ್ತಾರೆ. ಸ್ಪ್ರಿಂಗಿನಿಂದ ನಡೆಯುವ ಸಾಮಾನ್ಯ ಗಾಳಿಕೋವಿಯಲ್ಲಿ ಇದರ ಫಲ ತದ್ವಿರುದ್ಧ. ನಳಿಗೆಯನ್ನು ಬಗ್ಗಿಸಿದಾಗ ಒಳಗಿನ ಬಲವಾದ ಸ್ಪ್ರಿಂಗ್ ಅದುಮಿಕೊಂಡು ನಿಲ್ಲುತ್ತದೆ. ಟ್ರಿಗರನ್ನು ಎಳೆದೊಡನೆ ಅದು ಸಡಿಲಗೊಂಡು ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ. ಪಿಸ್ಟನ್ ಗಾಳಿಯನ್ನು ಒತ್ತುತ್ತದೆ. ಒತ್ತಡಕ್ಕೆ ಸಿಕ್ಕ ಗಾಳಿ ಗುಂಡನ್ನು ಹೊರದೂಡುತ್ತದೆ. ಈ ಕೆಲಸವೆಲ್ಲ ಮುಗಿದು ಗುಂಡು ನಳಿಗೆಯನ್ನು ಬಿಡುವ ಮೊದಲೇ ಕೋವಿ ಹಿಂದಕ್ಕೂ ಮುಂದಕ್ಕೂ ಕುಲುಕಿರುತ್ತದೆ. ಈ ಕುಲುಕಾಟವನ್ನು ನಾವು ತಡೆಯಲಾರೆವು. ಪ್ರತಿಸಲವೂ ಅದು ಒಂದೇ ರೀತಿಯಲ್ಲಿ ಆಗುವಂತೆ ನೋಡಿಕೊಳ್ಳಬಲ್ಲೆವು. ಅದಕ್ಕಾಗಿಯೇ ಬಲ್ಲವರು ಕೋವಿಯ ಮುಂಭಾಗವನ್ನು ಹಿಡಿದುಕೊಳ್ಳದೆ ತೆರೆದ ಅಂಗೈಯ ಮೇಲೆ ಮಲಗಿಸುತ್ತಾರೆ. ಅಂಗೈಯನ್ನಿಡುವ ಜಾಗ, ಕೆನ್ನೆ ತಾಗುವ ಜಾಗ, ಹಿಡಿ ಭುಜಕ್ಕೆ ಒರಗುವ ಜಾಗ, ಇವು ಮೂರೂ ಹತ್ತು ಸಲಕ್ಕೆ ಹತ್ತು ಸಲವೂ ಒಂದೇ ಆಗಿರಬೇಕು. ಜಾತ್ರೆಯ ಎರಡನೆಯ ಹುಡುಗನಿಗೆ ಯಾರೂ ಕಲಿಸದೆಯೇ ಒಲಿದಿದ್ದುದು ಈ ಗುಣವೇ.

ಇನ್ನು ಕಣ್ಣಿನ ಮಾತು. ದ್ರೋಣಾಚಾರ್ಯರು ಶಿಷ್ಯರನ್ನು ಪರೀಕ್ಷಿಸಿದ ಕತೆಯನ್ನು ನಾವೆಲ್ಲ ಬಲ್ಲೆವು. ಅರ್ಜುನನಿಗೆ ಮರ, ಕೊಂಬೆ, ಎಲೆಗಳೊಂದೂ ಕಾಣದೆ ಹಕ್ಕಿಯ ಕಣ್ಣೊಂದೇ ಕಂಡಿತಂತೆ. ಏಕಾಗ್ರತೆಯನ್ನು ಕಲಿಸಲು ಇದಕ್ಕಿಂತ ಸೊಗಸಾದ ಕತೆಯಿಲ್ಲ. ಆದರೆ ಕೋವಿ ಹಿಡಿದವನು ಅದನ್ನು ಅಕ್ಷರಶಃ ಪಾಲಿಸಿದರೆ ಗುರಿ ತಪ್ಪುತ್ತಾನೆ. ಕಣ್ಣಿನ ಮುಂದಿರುವ ಸೀಳು, ನಳಿಗೆಯ ತುದಿಯ ಮೊನೆ, ದೂರದ ಗುರಿ, ಈ ಮೂರನ್ನೂ ಏಕಕಾಲಕ್ಕೆ ಸ್ಪಷ್ಟವಾಗಿ ಕಾಣುವ ಶಕ್ತಿ ಮನುಷ್ಯನ ಕಣ್ಣಿಗಿಲ್ಲ. ಸ್ಪಷ್ಟವಾಗಿ ಕಾಣಬೇಕಾದುದು ಮೊನೆ. ಗುರಿ ಸ್ವಲ್ಪ ಮಸುಕಾಗಿಯೇ ಇರಲಿ. ಗಣಿತದಲ್ಲಿ ಓದುವ ಸಮರೂಪ ತ್ರಿಭುಜಗಳನ್ನು ನೆನೆದರೆ ಇದರ ಕಾರಣ ತಿಳಿಯುತ್ತದೆ. ಸೀಳಿಗೂ ಮೊನೆಗೂ ಅರ್ಧ ಮೀಟರ್ ದೂರವಿದೆಯೆಂದುಕೊಳ್ಳೋಣ. ಮೊನೆ ಸೀಳಿನ ನಡುವಿನಿಂದ ಅರ್ಧ ಮಿಲಿಮೀಟರಿನಷ್ಟು ಪಕ್ಕಕ್ಕೆ ಸರಿದರೆ, 10 ಮೀಟರ್ ದೂರದ ಕಾಗದದ ಮೇಲೆ ಗುಂಡು 10 ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಮಸುಕಾದ ಗುರಿಯನ್ನು ಅಂದಾಜು ಮಾಡುವುದರಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಗುಂಡೂ ಒಂದೇ ಮಿಲಿಮೀಟರ್ ತಪ್ಪುತ್ತದೆ. ಒಲಿಂಪಿಕ್ ಸ್ಪರ್ಧೆಯ ಗುರಿಹಾಳೆಯಲ್ಲಿ ಹತ್ತು ಅಂಕಗಳ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್ ಮಾತ್ರ. ಅಲ್ಲಿ ದೂರದ ತಪ್ಪಿಗಿಂತ ಹತ್ತಿರದ ತಪ್ಪೇ ದುಬಾರಿಯಾದುದು.

ಉಸಿರು ಮತ್ತು ಬೆರಳು ಉಳಿದೆರಡು ವಿಷಯಗಳು. ಉಸಿರಾಡುವಾಗ ಎದೆ ಏರಿಳಿಯುತ್ತದೆ, ಅದರೊಡನೆ ಕೋವಿಯ ತುದಿಯೂ ಏರಿಳಿಯುತ್ತದೆ. ಉಸಿರನ್ನು ಮುಕ್ಕಾಲು ಪಾಲು ಹೊರಬಿಟ್ಟು, ಮುಂದಿನ ಉಸಿರಿಗೆ ಮುನ್ನ ಸಹಜವಾಗಿ ಬರುವ ವಿರಾಮದಲ್ಲಿ ಹೊಡೆಯಬೇಕು. ಟ್ರಿಗರನ್ನು ಜಗ್ಗಬಾರದು, ಬೆರಳಿನ ತುದಿಯಿಂದ ನೇರವಾಗಿ ಹಿಂದಕ್ಕೆ, ಒತ್ತಡವನ್ನು ಹಂತಹಂತವಾಗಿ ಹೆಚ್ಚಿಸುತ್ತ ಒತ್ತಬೇಕು. ಗುಂಡು ಹೊರಟ ಗಳಿಗೆ ಹೊಡೆದವನಿಗೇ ಅನಿರೀಕ್ಷಿತವೆನಿಸುವಂತಿರಬೇಕು. ಹೊರಟ ಮೇಲೂ ಎರಡು ಕ್ಷಣ ಮೊನೆಯನ್ನು ನೋಡುತ್ತಲೇ ಇರಬೇಕು. ಎಲ್ಲಿ ಬಿತ್ತೆಂದು ನೋಡುವ ಆತುರದಲ್ಲಿ ತಲೆಯೆತ್ತುವ ಅಭ್ಯಾಸ ಬಿದ್ದರೆ, ಗುಂಡು ನಳಿಗೆಯಲ್ಲಿರುವಾಗಲೇ ತಲೆ ಏಳತೊಡಗುತ್ತದೆ.

ಇವೆಲ್ಲಕ್ಕಿಂತ ಕಠಿಣವಾದ ಪಾಠ ಇನ್ನೊಂದಿದೆ. ಉಸಿರು ಹಿಡಿದು ಏಳೆಂಟು ಸೆಕೆಂಡುಗಳಾದರೂ ಕೋವಿ ನೆಲೆ ನಿಲ್ಲದಿದ್ದರೆ, ಹೊಡೆಯದೆ ಅದನ್ನು ಕೆಳಗಿಳಿಸಬೇಕು. ಅಷ್ಟು ಹೊತ್ತಿಗೆ ಕಣ್ಣು ಮಂಕಾಗುತ್ತದೆ, ತೋಳು ನಡುಗುತ್ತದೆ. ಇಷ್ಟು ಹೊತ್ತು ಹಿಡಿದದ್ದಾಯಿತು, ಹೊಡೆದೇಬಿಡೋಣ ಎಂದು ಮನಸ್ಸು ಒತ್ತಾಯಿಸುತ್ತದೆ. ಆ ಒತ್ತಾಯಕ್ಕೆ ಮಣಿದು ಹೊಡೆದ ಗುಂಡುಗಳೇ ಗುಂಪಿನಿಂದ ಹೊರಗೆ ಬೀಳುವುದು. ಸುತ್ತಲೂ ಜನ ನೋಡುತ್ತಿರುವಾಗ ಕೋವಿಯನ್ನು ಇಳಿಸಿ, ಉಸಿರಾಡಿ, ಮೊದಲಿನಿಂದ ಆರಂಭಿಸುವುದಕ್ಕೆ ಧೈರ್ಯ ಬೇಕು.

'ಹಾಡ್ತಾ ಹಾಡ್ತಾ ರಾಗ' ಎಂಬ ಮಾತು ಅಭ್ಯಾಸದ ಮಹಿಮೆಯನ್ನು ಹೇಳುತ್ತದೆ. ಆದರೆ ತಪ್ಪನ್ನು ನೂರು ಸಲ ಅಭ್ಯಾಸ ಮಾಡಿದರೆ ತಪ್ಪೇ ಗಟ್ಟಿಯಾಗುತ್ತದೆ. ಆದುದರಿಂದ ದಿನಕ್ಕೆ ನೂರು ಗುಂಡುಗಳನ್ನು ಲೆಕ್ಕವಿಲ್ಲದೆ ಹೊಡೆಯುವುದಕ್ಕಿಂತ, ಇಪ್ಪತ್ತು ಗುಂಡುಗಳನ್ನು ಹೊಡೆದು ಪ್ರತಿಯೊಂದನ್ನೂ ಒಂದು ಪುಸ್ತಕದಲ್ಲಿ ಬರೆದಿಡುವುದು ಮೇಲು. ಗುಂಡು ಹೊರಟ ಕ್ಷಣದಲ್ಲಿ ಮೊನೆ ಎಲ್ಲಿತ್ತೆಂದು ಮೊದಲು ತಾನೇ ಹೇಳಿಕೊಂಡು, ಅನಂತರ ಕಾಗದವನ್ನು ನೋಡಬೇಕು. ಹೇಳಿದ್ದೂ ಕಂಡದ್ದೂ ಒಂದಾಗುತ್ತ ಬಂದಂತೆ ಆತ ತನಗೆ ತಾನೇ ಗುರುವಾಗುತ್ತಾನೆ.

ಶಾಲೆಯ ಪುಸ್ತಕದಲ್ಲಿ ಕೋವಿಯ ಮಾತೇಕೆ, ಇದು ಹಿಂಸೆಯನ್ನು ಕಲಿಸಿದಂತಾಗುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. ಗಾಳಿಕೋವಿ ಆಟಿಕೆಯಲ್ಲ. 2016ರ ಆಯುಧ ನಿಯಮಗಳು ಕಡಿಮೆ ಶಕ್ತಿಯ ಗಾಳಿಕೋವಿಗಳಿಗೆ ಪರವಾನಗಿಯಿಂದ ವಿನಾಯಿತಿ ಕೊಟ್ಟಿವೆ. ಆದರೆ ಅದರ ಗುಂಡು ಕಣ್ಣಿಗೆ ತಗುಲಿದರೆ ಕಣ್ಣು ಹೋಗುತ್ತದೆ. ತುಂಬಿಲ್ಲವೆಂದು ಖಚಿತವಾಗಿ ಗೊತ್ತಿರುವ ಕೋವಿಯನ್ನೂ ತುಂಬಿದ ಕೋವಿಯೆಂದೇ ಭಾವಿಸಬೇಕು; ಯಾರ ಕಡೆಗೂ ತಿರುಗಿಸಬಾರದು. ಗುರಿಯ ಹಿಂದೆ ಗುಂಡನ್ನು ತಡೆಯುವ ಮಣ್ಣಿನ ದಿಬ್ಬವೋ ಗೋಡೆಯೋ ಇರಬೇಕು. ಹಿರಿಯರಿಲ್ಲದೆ ಅದನ್ನು ಮುಟ್ಟಬಾರದು. ಗುಂಡುಗಳು ಸೀಸದವಾದ್ದರಿಂದ ಮುಟ್ಟಿದ ಮೇಲೆ ಕೈತೊಳೆಯಬೇಕು. ಈ ನಿಯಮಗಳನ್ನು ಪಾಲಿಸಲಾರದವನಿಗೆ ಗುರಿಯ ವಿದ್ಯೆಯನ್ನು ಹೇಳಿಕೊಡದಿರುವುದೇ ಒಳ್ಳೆಯದು.

ಹಕ್ಕಿಗಳ ಮೇಲೆ ಗುರಿಯಿಡುವವರ ವಿಷಯವನ್ನಂತೂ ಸ್ಪಷ್ಟವಾಗಿ ಹೇಳಬೇಕು. ಮಳವಳ್ಳಿಯ ನೆರೆಯ ಮದ್ದೂರು ತಾಲ್ಲೂಕಿನಲ್ಲಿ ಕೊಕ್ಕರೆ ಬೆಳ್ಳೂರು ಎಂಬ ಊರಿದೆ. ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ವರ್ಷವರ್ಷವೂ ಬಂದು ಆ ಊರಿನ ಮನೆಗಳ ನಡುವಿನ ಹುಣಿಸೆ ಮುಂತಾದ ಮರಗಳ ಮೇಲೆ ಗೂಡು ಕಟ್ಟಿ ಮರಿಮಾಡುತ್ತವೆ. ಊರಿನವರು ಅವುಗಳನ್ನು ತಮ್ಮ ಮನೆಯ ಮಕ್ಕಳಂತೆ ಕಾಣುತ್ತ ಬಂದಿದ್ದಾರೆ. 2007ರಲ್ಲಿ ಸರ್ಕಾರವು ಈ ಸ್ಥಳವನ್ನು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಇಂಥ ನಾಡಿನಲ್ಲಿ ಹುಟ್ಟಿದವನು ಗಾಳಿಕೋವಿಯನ್ನು ಹಿಡಿದು ಹಕ್ಕಿಯ ಕಡೆ ತಿರುಗಿಸುವುದು ಕಾನೂನಿಗೂ ವಿರುದ್ಧ, ನಮ್ಮ ನಡತೆಗೂ ವಿರುದ್ಧ. ಗುರಿಯ ವಿದ್ಯೆಯ ದೃಷ್ಟಿಯಿಂದಲೂ ಅದು ವ್ಯರ್ಥವಾದುದು. ಸತ್ತುಬಿದ್ದ ಹಕ್ಕಿ ಗುಂಡು ತಾಗಿತೆಂಬುದನ್ನಷ್ಟೇ ಹೇಳುತ್ತದೆ. ಗುಂಪಿನ ವಿಷಯವಾಗಿ ಏನನ್ನೂ ಹೇಳದು. ಒಂದು ಕಾಗದದ ಹಾಳೆ ಎಲ್ಲವನ್ನೂ ಹೇಳುತ್ತದೆ, ಯಾರಿಗೂ ನೋವನ್ನುಂಟುಮಾಡದು.

ಇದು ಬಲಶಾಲಿಗಳ ಆಟ, ಹಣವಂತರ ಆಟ ಎಂಬ ಮಾತೂ ಇದೆ. ಅಂತರರಾಷ್ಟ್ರೀಯ ಸ್ಪರ್ಧೆಯ ಕೋವಿಗಳು ದುಬಾರಿಯೆಂಬುದು ನಿಜ. ಬಲದ ಮಾತು ಮಾತ್ರ ನಿಜವಲ್ಲ. ರಾಜಸ್ಥಾನದ ಅವನಿ ಲೇಖರಾ ಹನ್ನೊಂದನೆಯ ವಯಸ್ಸಿನಲ್ಲಿ ಕಾರಿನ ಅಪಘಾತಕ್ಕೆ ಸಿಕ್ಕಿ ನಡೆಯುವ ಶಕ್ತಿಯನ್ನು ಕಳೆದುಕೊಂಡರು. ಗಾಲಿಕುರ್ಚಿಯಲ್ಲಿ ಕುಳಿತೇ ಅಭ್ಯಾಸಮಾಡಿ, 2021ರಲ್ಲಿ ಟೋಕಿಯೋ ಪ್ಯಾರಾಲಿಂಪಿಕ್ಸ್‌ನಲ್ಲಿಯೂ 2024ರಲ್ಲಿ ಪ್ಯಾರಿಸ್‌ನಲ್ಲಿಯೂ 10 ಮೀಟರ್ ಗಾಳಿಕೋವಿಯ ಚಿನ್ನವನ್ನು ಗೆದ್ದರು. ಎಲ್ಲರೂ ಪದಕ ಗೆಲ್ಲಬೇಕೆಂದು ನಾನು ಹೇಳುತ್ತಿಲ್ಲ. ಕೋವಿಯನ್ನು ಎಂದೂ ಮುಟ್ಟದವನಿಗೂ ಈ ವಿದ್ಯೆಯಲ್ಲಿ ಕಲಿಯಬೇಕಾದುದಿದೆ.

ಶಾಲೆಯ ಒಂದು ಉದಾಹರಣೆಯನ್ನೇ ನೋಡೋಣ. 42ರಲ್ಲಿ 17ನ್ನು ಕಳೆ ಎಂದರೆ 35 ಎಂದೂ, 63ರಲ್ಲಿ 28ನ್ನು ಕಳೆ ಎಂದರೆ 45 ಎಂದೂ ಬರೆಯುವ ಒಬ್ಬ ಹುಡುಗನಿದ್ದಾನೆ. ಅವನ ಹತ್ತು ಲೆಕ್ಕಗಳೂ ತಪ್ಪು. ಉತ್ತರಪತ್ರಿಕೆಯ ಮೇಲೆ ಸೊನ್ನೆ. ಅವನ ಪಕ್ಕದವನು ಮನಸ್ಸಿಗೆ ಬಂದ ಸಂಖ್ಯೆಗಳನ್ನು ಬರೆದಿದ್ದಾನೆ. ಮೂರು ಹೇಗೋ ಸರಿಯಾಗಿವೆ. ನಾವು ಎರಡನೆಯವನನ್ನು ವಾಸಿಯೆನ್ನುತ್ತೇವೆ, ಮೊದಲನೆಯವನನ್ನು ದಡ್ಡನೆನ್ನುತ್ತೇವೆ. ಆದರೆ ಮೊದಲನೆಯವನ ತಪ್ಪುಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅವೆಲ್ಲ ಒಂದೇ ತಪ್ಪು ಎಂದು ತಿಳಿಯುತ್ತದೆ. ಪ್ರತಿ ಸ್ಥಾನದಲ್ಲಿಯೂ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿಯನ್ನು ಕಳೆಯುತ್ತಿದ್ದಾನೆ. ದಶಕ ತೆಗೆದುಕೊಳ್ಳುವುದನ್ನು ಅವನಿಗೆ ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ. ಅಷ್ಟನ್ನು ಹೇಳಿಕೊಟ್ಟರೆ ಹತ್ತು ಲೆಕ್ಕಗಳೂ ಒಮ್ಮೆಗೇ ಸರಿಯಾಗುತ್ತವೆ. ಅವನ ಗುಂಡುಗಳೂ ನಾಣ್ಯದಷ್ಟೇ ಜಾಗದಲ್ಲಿ ಬಿದ್ದಿವೆ. ಪುಗ್ಗೆಯಿಂದ ನಾಲ್ಕು ಬೆರಳು ದೂರದಲ್ಲಿ, ಅಷ್ಟೇ. ಎಷ್ಟು ಪುಗ್ಗೆ ಒಡೆಯಿತೆಂದು ಎಣಿಸುವ ಉಪಾಧ್ಯಾಯರಿಗೂ ತಂದೆತಾಯಿಯರಿಗೂ ಅದು ಕಾಣುವುದಿಲ್ಲ. ಹಲಗೆಯ ಬಳಿಗೆ ಹೋಗಿ ತೂತುಗಳನ್ನು ನೋಡುವವರಿಗೆ ಮಾತ್ರ ಕಾಣುತ್ತದೆ.

ಹಬ್ಬದ ಜನಸಂದಣಿಯಲ್ಲಿ ಕಳೆದುಹೋದ ಆ ಹುಡುಗನನ್ನು ನಾನು ಮತ್ತೆ ನೋಡಲಿಲ್ಲ. ತನಗೆ ಕಣ್ಣು ಸರಿಯಿಲ್ಲ, ಕೈ ಸರಿಯಿಲ್ಲ ಎಂದು ನಂಬಿಕೊಂಡೇ ಅವನು ಬೆಳೆದಿದ್ದಾನೋ ಏನೋ. ಅಂದು ಹೇಳದೆ ಉಳಿದ ಮಾತನ್ನು ಇಂದು ಅವನಂಥವರಿಗೆಲ್ಲ ಹೇಳುತ್ತಿದ್ದೇನೆ. ಮಗು, ನಿನ್ನ ಗುಂಡುಗಳೆಲ್ಲ ಒಂದೇ ಕಡೆ ಬಿದ್ದಿವೆ. ಕೋವಿಯನ್ನು ಕೆಳಗಿಡಬೇಡ. ನಾಲ್ಕು ಬೆರಳು ಎಡಕ್ಕೆ ಹಿಡಿದು ಇನ್ನೊಮ್ಮೆ ಹೊಡೆ.